ನಿಮ್ಮ ಸೈಟಿನ ಕೆಮ್ಮಣ್ಣು ಯಾವ ಕೆರೆ ಸೇರಿತು?

[ದೃಶ್ಯ: ಬಿಳಿ ಬಣ್ಣದ ಕಾಂಪೌಂಡ್ ಗೋಡೆ. ಬುಡದಿಂದ ಮೊಣಕಾಲಿನ ಎತ್ತರದವರೆಗೆ ಕೆಂಪು ಕಲೆ.]

ನಮಸ್ಕಾರ. ಈ ಗೋಡೆ ನೋಡಿ. ಬಣ್ಣ ಹೊಡೆಸಿ ಒಂದು ಮಳೆಗಾಲ ಕಳೆದಿದೆ, ಅಷ್ಟೇ. ಬುಡವೆಲ್ಲ ಕೆಂಪು. ಯಾರೂ ಬಂದು ಮಣ್ಣು ಎರಚಿಲ್ಲ, ಮಳೆಹನಿ ಎರಚಿದ್ದು. ದಪ್ಪ ಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಸಂಜೆ ಹೊತ್ತು ಯಾವ ಗಾಡಿಗೂ ಸಿಗದ ವೇಗ! ಆ ಏಟಿಗೆ ಬರಿ ನೆಲದ ಮಣ್ಣು ಸಿಡಿಯುತ್ತದೆ. ಪಕ್ಕದಲ್ಲೇ ಹುಲ್ಲು ಬೆಳೆದ ಜಾಗವಿದೆ ನೋಡಿ, ಅಲ್ಲಿ ಗೋಡೆ ಬಿಳಿಯಾಗೇ ಇದೆ. ಏಟು ಹುಲ್ಲಿಗೆ ಬಿತ್ತು, ಮಣ್ಣಿಗೆ ಬೀಳಲಿಲ್ಲ.

ಮನೆ ಕಟ್ಟಲು ಹೊರಟರೆ ನಾವು ಮೊದಲು ಮಾಡುವುದೇನು? ಜೆಸಿಬಿ ಕರೆಸಿ ಅದೇ ಹುಲ್ಲನ್ನು ಕೆರೆಸಿ ಹಾಕುತ್ತೇವೆ. ಇದಕ್ಕೆ ಸೈಟ್ ಕ್ಲೀನ್ ಮಾಡಿಸುವುದು ಅಂತ ಹೆಸರು.

[ದೃಶ್ಯ: ಪಾಯ ತೋಡಿದ ಸೈಟು, ರಸ್ತೆ ಬದಿ ಮಣ್ಣಿನ ಗುಡ್ಡೆ, ಮೋರಿ.]

ಈಗ ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಮೂವತ್ತು–ನಲವತ್ತು ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆ ಹೊಡೆದರೆ ಹತ್ತಿರ ಹತ್ತಿರ 5,500 ಲೀಟರ್. ಒಂದು ಟ್ಯಾಂಕರ್ ನೀರನ್ನು ಅಗೆದ ಮಣ್ಣಿನ ಮೇಲೆ ಸುರಿದ ಹಾಗೆ. ಅದು ಮಣ್ಣನ್ನೂ ಎಳೆದುಕೊಂಡು ಮೋರಿಗೆ ಇಳಿಯುತ್ತದೆ, ಅಲ್ಲಿಂದ ರಾಜಕಾಲುವೆಗೆ, ಅಂದರೆ ಮಳೆನೀರನ್ನು ಕೆರೆಗೆ ಒಯ್ಯುವ ದೊಡ್ಡ ಕಾಲುವೆಗೆ.

ನಮ್ಮ ಊರು ದಿಣ್ಣೆಯ ಮೇಲಿದೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ನೀರು ಮೂರು ಕಣಿವೆಗಳಲ್ಲಿ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ಕೋರಮಂಗಲದ ಮೋರಿಗೆ ಬಿದ್ದ ಮಣ್ಣು ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಕೋಡಿ ಹರಿದರೆ ಮುಂದೆ ವರ್ತೂರು. 2022ರ ಸೆಪ್ಟೆಂಬರಿನಲ್ಲಿ ನೆರೆ ಬಂದು ಹೊರವರ್ತುಲ ರಸ್ತೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆ ಅಲ್ವಾ? ಅದಕ್ಕೆಲ್ಲ ಹೂಳೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಕೆರೆ–ಕಾಲುವೆ ಒತ್ತುವರಿಯ ಕಥೆ ಬೇರೆಯೇ ಇದೆ. ಆದರೆ ಹೂಳು ಅರ್ಧ ತುಂಬಿದ ಕಾಲುವೆಯಲ್ಲಿ ಅರ್ಧ ನೀರಿಗಷ್ಟೇ ಜಾಗ.

[ದೃಶ್ಯ: ಮೇಜಿನ ಮೇಲೆ ಗಾಜಿನ ಬಾಟಲಿ.]

ಇದನ್ನು ಮನೆಯಲ್ಲಿ ಮಾಡಿ ನೋಡಿ. ಬಾಟಲಿಗೆ ಒಂದು ಹಿಡಿ ಸೈಟಿನ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಹತ್ತು ಎಣಿಸುವಷ್ಟರಲ್ಲಿ ದಪ್ಪ ಮರಳು ತಳ ಸೇರುತ್ತದೆ. ನಯವಾದ ಮಣ್ಣಿಗೆ ಗಂಟೆಗಟ್ಟಲೆ ಬೇಕು. ಜೇಡಿ ಮಾತ್ರ ಮಾರನೇ ದಿನವೂ ನೀರನ್ನು ಮಸುಕಾಗಿಯೇ ಇಟ್ಟಿರುತ್ತದೆ. 0.002 ಮಿಲಿಮೀಟರಿನ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಕ್ಕೂ ಜಾಸ್ತಿ ಬೇಕು. ಅದೂ ನಿಂತ ನೀರಿನಲ್ಲಿ. ಮೋರಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ?

ಹಾಗಾಗಿ ಮರಳು ಮೂಟೆ ಅಡ್ಡ ಇಟ್ಟರೆ ಮರಳು ಸಿಕ್ಕೀತು, ಜೇಡಿ ಸಿಗುವುದಿಲ್ಲ. ಸುತ್ತ ಕಟ್ಟುವ ಹಸಿರು ಬಲೆಯಂತೂ ಬರೀ ಧೂಳಿಗೆ. ಮಣ್ಣು ನೀರಿಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ಇಳಿದ ಮೇಲೆ ಹಿಡಿಯುವುದು ಕಷ್ಟ.

ಏನು ಮಾಡಬಹುದು? ಪೂರ್ತಿ ಸೈಟನ್ನು ಒಂದೇ ದಿನ ಕೆರೆಸಬೇಡಿ. ತಗ್ಗಿನ ಕಡೆ ನಾಲ್ಕೈದು ಅಡಿ ಹುಲ್ಲು ಹಾಗೇ ಬಿಡಿ, ಕೊನೆಗೆ ತೆಗೆದರಾಯಿತು. ಅಗೆಯುವ ಕೆಲಸವನ್ನು ಜನವರಿ–ಮಾರ್ಚ್‌ನಲ್ಲಿ ಮುಗಿಸಲು ಆದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಇಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಿನದು. ದೊಡ್ಡ ಸೈಟಿನಲ್ಲಿ ತಿಂಗಳುಗಟ್ಟಲೆ ಮುಟ್ಟದ ಜಾಗವಿದ್ದರೆ ಮೇಲ್ಮಣ್ಣು ಸಡಿಲ ಮಾಡಿ ಹುರುಳಿ ಚೆಲ್ಲಿ. ಬಡ ಮಣ್ಣಲ್ಲೂ ಬೆಳೆಯುತ್ತದೆ, ಬೇಗ ನೆಲ ಮುಚ್ಚುತ್ತದೆ. ನಗಬೇಡಿ. ಟಾರ್ಪಾಲಿನ್‌ಗಿಂತ ಅಗ್ಗ, ಗಾಳಿಗೆ ಹಾರಿಹೋಗುವುದೂ ಇಲ್ಲ.

ಬೇಸ್‌ಮೆಂಟ್ ಅಗೆದು ನೀರು ತುಂಬಿಕೊಂಡರೆ ಎಲ್ಲರೂ ಪಂಪಿನ ಪೈಪನ್ನು ತಳಕ್ಕೆ ಬಿಟ್ಟು ಕೆಸರನ್ನೇ ರಸ್ತೆಗೆ ಬಿಡುತ್ತಾರೆ. ಒಂದು ದಿನ ಕಾಯಿರಿ. ಆಮೇಲೆ ಪೈಪಿನ ಬಾಯಿಗೆ ಖಾಲಿ ಕ್ಯಾನ್ ಕಟ್ಟಿ ತೇಲಿಸಿ. ಮೇಲಿನ ನೀರು ಬರುತ್ತದೆ, ಕೆಸರಿನ ಬಹುಪಾಲು ತಳದಲ್ಲೇ ಉಳಿಯುತ್ತದೆ.

[ದೃಶ್ಯ: ಮಿಕ್ಸರ್ ಲಾರಿ ತೊಳೆಯುವುದು, ಬೂದುಬಣ್ಣದ ನೀರು.]

ಸಿಮೆಂಟ್ ನೀರಿನದು ಇನ್ನೊಂದು ಗೋಳು. ಅದರ ಪಿಎಚ್ (ಹುಳಿ–ಕ್ಷಾರದ ಅಳತೆ) 12ರ ಆಸುಪಾಸು, ಸುಣ್ಣದ ನೀರಿನ ಹಾಗೆ ತೀಕ್ಷ್ಣ ಕ್ಷಾರ. ಗಾರೆ ಕೆಲಸದವರ ಬೆರಳು ಒಡೆಯುವುದು ಇದರಿಂದಲೇ. ಕೆರೆಯ ಮೀನಿಗೆ ಕೇಳಬೇಕೇ? ಮೋರಿಯೊಳಗೆ ಗಟ್ಟಿಯಾದರೆ ಉಳಿ ಸುತ್ತಿಗೆಯೇ ಗತಿ. ಸೈಟಿನೊಳಗೆ ಒಂದು ಗುಂಡಿ ತೋಡಿ, ಪ್ಲಾಸ್ಟಿಕ್ ಹಾಸಿ, ಮಿಕ್ಸರನ್ನು ಅಲ್ಲೇ ತೊಳೆಸಿ. ಒಣಗಿದ ಮೇಲೆ ಒಡೆದು ಡೆಬ್ರಿಸ್ ಜೊತೆ ಕಳಿಸಿ. ಕಟ್ಟಡದ ಕಸ ಚರಂಡಿಗೆ ಅಡ್ಡವಾಗಬಾರದು ಅಂತ 2016ರ ಕೇಂದ್ರದ ನಿಯಮದಲ್ಲೇ ಇತ್ತು.

ನಮ್ಮ ಮನೆ ಕಟ್ಟುವಾಗ ಒಂದು ಲೋಡ್ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಮೋರಿ ಪಕ್ಕವೇ ಸುರಿಸಿದ್ದೆವು. "ಮಳೆ ಬಂದರೆ ಹೊದಿಸೋಣ ಬಿಡಿ ಸಾರ್" ಅಂದರು ಮೇಸ್ತ್ರಿ. ಮಳೆ ಬಂದದ್ದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಗುಡ್ಡೆ ಅರ್ಧ ಕರಗಿತ್ತು, ಪಕ್ಕದ ಮನೆ ಗೇಟಿನ ಮುಂದೆ ಮಡು ನಿಂತಿತ್ತು. ಆಂಟಿ ಒಂದು ವಾರ ಮಾತು ಬಿಟ್ಟಿದ್ದರು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಇಷ್ಟೇ. ಗುಡ್ಡೆಯನ್ನು ಸೈಟಿನ ಎತ್ತರದ ಮೂಲೆಗೆ ಹಾಕಿಸಿದೆವು. ಸಂಜೆ ಕೆಲಸ ಬಿಡುವಾಗ, ಆಕಾಶ ಹೇಗೇ ಇರಲಿ, ಟಾರ್ಪಾಲಿನ್ ಹೊದಿಸಿ ಅಂಚಿಗೆ ನಾಲ್ಕು ಸೈಜುಗಲ್ಲು ಇಟ್ಟ ಮೇಲೆಯೇ ಆ ದಿನದ ಬಟವಾಡೆ.

[ದೃಶ್ಯ: ಸಂಜೆ. ಹೊದಿಸಿದ ಗುಡ್ಡೆ, ಮೇಲೆ ಮೊದಲ ಹನಿಗಳ ಸದ್ದು.]