ನನ್ನ ಏಳು ವಾರ, ಅವಳ ಏಳು ವಾರ: ಇಂಟರ್ನ್‌ಶಿಪ್ ಪೋಸ್ಟಿಂಗ್ ಬದಲಿಸಿಕೊಂಡ ಕಥೆ

ಈಗ ನೀವು ನೋಡುತ್ತಿರುವುದು ನನ್ನ ಹಾಸ್ಟೆಲ್ ರೂಮಿನ ಗೋಡೆ. ಅಲ್ಲಿ ಟೇಪ್ ಹಚ್ಚಿ ಅಂಟಿಸಿರುವ ಹಾಳೆ ನನ್ನ ಇಡೀ ವರ್ಷದ ಪೋಸ್ಟಿಂಗ್ ಪಟ್ಟಿ, ಅಂದರೆ ಆಸ್ಪತ್ರೆಯ ಯಾವ ವಿಭಾಗದಲ್ಲಿ ಯಾವಾಗ ಕೆಲಸ ಅನ್ನುವುದು. ಹೆಸರು, ರಿಜಿಸ್ಟರ್ ನಂಬರ್ ಎಲ್ಲ ಮಸುಕು ಮಾಡಿದ್ದೇನೆ. ಮಧ್ಯದಲ್ಲಿ ಹಸಿರು ಇಂಕಿನಲ್ಲಿ ಹೊಡೆದು ತಿದ್ದಿರುವ ಒಂದು ಸಾಲು ಕಾಣುತ್ತಿದೆ ಅಲ್ವಾ? ಈ ವಿಡಿಯೋ ಆ ಸಾಲಿನ ಬಗ್ಗೆ.

ವಾರ್ಡ್ ಒಳಗೆ ನಾನು ಕ್ಯಾಮೆರಾ ತರುವುದಿಲ್ಲ. ಅಲ್ಲಿ ಮಲಗಿರುವವರು ನನ್ನ ವಿಡಿಯೋಗೆ ಬಂದವರಲ್ಲ. ಹಾಗಾಗಿ ಇವತ್ತು ಹಾಸ್ಟೆಲ್, ಕ್ಯಾಂಟೀನ್, ಬಸ್ ಸ್ಟ್ಯಾಂಡ್ ಇಷ್ಟೇ ಕಾಣಿಸುತ್ತದೆ. ಉಳಿದಿದ್ದನ್ನು ಬಾಯಲ್ಲಿ ಹೇಳುತ್ತೇನೆ.

ಎಂಬಿಬಿಎಸ್ ನಾಲ್ಕೂವರೆ ವರ್ಷ ಮುಗಿದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ ಇರುತ್ತದೆ. ಅದು ಮುಗಿದರೇನೇ ಡಾಕ್ಟರ್ ಅಂತ ಪೂರ್ತಿ ನೋಂದಣಿ ಸಿಗುವುದು. ಯಾವ ವಿಭಾಗದಲ್ಲಿ ಎಷ್ಟು ವಾರ ಕೆಲಸ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಹೇಳುತ್ತದೆ. ಕಮ್ಯುನಿಟಿ ಮೆಡಿಸಿನ್, ಅಂದರೆ ಸಮುದಾಯ ಆರೋಗ್ಯ, 12 ವಾರ. ಮೆಡಿಸಿನ್ 6, ಸರ್ಜರಿ 6. ಓಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ, 7 ವಾರ. ಮಕ್ಕಳ ವಿಭಾಗ 3. ಕಣ್ಣು, ಇಎನ್‌ಟಿ (ಕಿವಿ, ಮೂಗು, ಗಂಟಲು), ಮೂಳೆ ತಲಾ 2. ಎಲ್ಲ ಸೇರಿ 17 ಪೋಸ್ಟಿಂಗ್. ಅದರಲ್ಲಿ ನಾವೇ ಆರಿಸಿಕೊಳ್ಳುವಂಥವು 3, ಅದನ್ನು ಎಲೆಕ್ಟಿವ್ ಅನ್ನುತ್ತಾರೆ.

ಎಷ್ಟು ವಾರ ಅನ್ನುವುದು ದೆಹಲಿಯಿಂದ ಬರುತ್ತದೆ. ಯಾರು ಯಾವಾಗ ಎಲ್ಲಿ ಅನ್ನುವುದು ಕಾಲೇಜಿನ ಆಫೀಸಿನಲ್ಲಿ ತೀರ್ಮಾನವಾಗುತ್ತದೆ. ನಮ್ಮ ಕಾಲೇಜಿನಲ್ಲಿ ಅದು ತುಂಬ ಸರಳ. ರಿಜಿಸ್ಟರ್ ನಂಬರ್ ಪ್ರಕಾರ ಸಾಲಾಗಿ ನಿಲ್ಲಿಸಿ, ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ವಿಭಾಗದಿಂದ ಶುರು ಮಾಡಿಸುತ್ತಾರೆ. ಆಮೇಲೆ ಗಾಣದ ಎತ್ತಿನ ಹಾಗೆ ಎಲ್ಲರೂ ಅದೇ ದಾರಿಯಲ್ಲಿ ಸುತ್ತುತ್ತಾರೆ. ನಿಮಗೆ ಯಾವ ತಿಂಗಳಲ್ಲಿ ಏನು ಕಷ್ಟ ಇದೆ ಎಂದು ಯಾರೂ ಕೇಳುವುದಿಲ್ಲ. ಕೇಳುವ ಪದ್ಧತಿಯೇ ಇಲ್ಲ.

"ಒಬ್ಬರೇ ತಾನೇ, ಬೇರೆ ಕಡೆ ಹಾಕಿದರೆ ಏನಾಗುತ್ತದೆ?" ಎಂದು ಮೊದಲು ನನಗೂ ಅನ್ನಿಸುತ್ತಿತ್ತು. ಒಂದು ಲೆಕ್ಕ ಹಾಕಿ ನೋಡಿ. ಬ್ಯಾಚ್‌ನಲ್ಲಿ 150 ಜನ ಇಂಟರ್ನ್ಸ್, ವರ್ಷಕ್ಕೆ 52 ವಾರ. ಓಬಿಜಿ 7 ವಾರ ಅಂದರೆ ಯಾವ ದಿನ ನೋಡಿದರೂ ಅಲ್ಲಿ ಹೆಚ್ಚುಕಡಿಮೆ 20 ಜನ ಇರುತ್ತಾರೆ. ನಾಲ್ಕು ಯೂನಿಟ್‌ಗೆ, ಅಂದರೆ ಡಾಕ್ಟರ್‌ಗಳ ನಾಲ್ಕು ತಂಡಕ್ಕೆ, ಹಂಚಿದರೆ ತಲಾ ಐದು. ರಾತ್ರಿ ಡ್ಯೂಟಿ ಮುಗಿಸಿ ಮಲಗಲು ಹೋದವರು, ರಜೆಯಲ್ಲಿ ಇರುವವರನ್ನು ಕಳೆದರೆ ಮೂರು. ಆ ಮೂವರಲ್ಲಿ ಒಬ್ಬರು ಬ್ಲಡ್ ಬ್ಯಾಂಕಿಗೆ ಓಡಿದರೆ ವಾರ್ಡ್‌ನಲ್ಲಿ ಇಬ್ಬರು. ಆದ್ದರಿಂದಲೇ ಸುಮ್ನೆ ಒಬ್ಬರನ್ನು ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ. ನೀವು ಬಿಟ್ಟು ಹೋಗುವ ಜಾಗಕ್ಕೆ ಇನ್ನೊಬ್ಬರು ಬರಲೇಬೇಕು.

ಈಗ ನನ್ನ ವಿಷಯ.

ನಮ್ಮ ಊರು ತಿಪಟೂರು ಹತ್ತಿರ. ತೆಂಗಿನ ತೋಟ. ಅಪ್ಪನಿಗೆ ಮೊಣಕಾಲು ಸವೆದು ಎರಡು ವರ್ಷದಿಂದ ತೋಟಕ್ಕೆ ಹೋಗುವುದೇ ಕಷ್ಟ ಆಗಿತ್ತು. ಕೊನೆಗೆ ಬೆಂಗಳೂರಿನಲ್ಲಿ ಆಪರೇಷನ್‌ಗೆ ತಾರೀಖು ಕೊಟ್ಟರು. ಪಟ್ಟಿ ತೆಗೆದು ನೋಡಿದೆ. ಆ ತಾರೀಖು ಬಂದು ಬಿದ್ದಿದ್ದು ಸರಿಯಾಗಿ ನನ್ನ ಓಬಿಜಿ ಏಳು ವಾರದ ಮಧ್ಯಕ್ಕೆ. ಅಪ್ಪ ಫೋನಿನಲ್ಲಿ, "ನಿನ್ನ ಡ್ಯೂಟಿ ನೋಡ್ಕೋ ಪುಟ್ಟಿ, ಇಲ್ಲಿ ಅಮ್ಮ ಇದ್ದಾಳೆ" ಅಂದರು. ಆದರೆ ಅಮ್ಮನಿಗೇ ಸೊಂಟ ನೋವು. ಮೊಣಕಾಲಿನ ಆಪರೇಷನ್ ಆದವರನ್ನು ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆಮೇಲೆ ದಿನಾ ಕಾಲು ಮಡಚುವ ವ್ಯಾಯಾಮ ಮಾಡಿಸಬೇಕು. ಅಪ್ಪ ನೋವಿಗೆ ಹೆದರಿ ಅದನ್ನು ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ. ನಾನು ಪಕ್ಕದಲ್ಲಿ ಇರಲೇಬೇಕಿತ್ತು.

ಇಂಟರ್ನ್‌ಗೆ ವರ್ಷಕ್ಕೆ 15 ದಿನ ರಜೆ, ಅದೂ ಮೊದಲೇ ಅನುಮತಿ ತೆಗೆದುಕೊಂಡು. ಹತ್ತು ದಿನ ತೆಗೆದುಕೊಳ್ಳೋಣ ಎಂದುಕೊಂಡೆ. ಆದರೆ ಓಬಿಜಿಯಿಂದ ಹತ್ತು ದಿನ ಹೋದರೆ ನನ್ನ ಯೂನಿಟ್‌ನವರು ನನ್ನ ರಾತ್ರಿ ಡ್ಯೂಟಿಗಳನ್ನೂ ಹೊರಬೇಕು. ಅದು ನನಗೆ ಒಪ್ಪಲಿಲ್ಲ.

ನನ್ನ ಬ್ಯಾಚ್‌ನ ಗೆಳತಿಯೊಬ್ಬಳಿಗೆ ಅದೇ ಏಳು ವಾರದಲ್ಲಿ ಇಎನ್‌ಟಿ 2, ಕಣ್ಣು 2, ಮಕ್ಕಳ ವಿಭಾಗ 3 ಇತ್ತು. ಕೂಡಿಸಿ, ಏಳು! ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ಟಿಶ್ಯೂ ಪೇಪರ್ ಮೇಲೆ ಬರೆದು ನೋಡಿದೆವು. ಅವಳ ಓಬಿಜಿ ಮುಂದೆ ಚಳಿಗಾಲದಲ್ಲಿತ್ತು, ನನ್ನ ಆ ಮೂರು ಪೋಸ್ಟಿಂಗ್ ಕೂಡ ಆಗಲೇ. ಅವಳಿಗೆ ಓಬಿಜಿ ಬೇಗ ಮುಗಿಸಿ ಆಮೇಲೆ ಪಿಜಿ, ಅಂದರೆ ಸ್ನಾತಕೋತ್ತರ, ಪ್ರವೇಶ ಪರೀಕ್ಷೆಗೆ ಓದಬೇಕಿತ್ತು. ಇಬ್ಬರಿಗೂ ಅನುಕೂಲ. ಇದನ್ನೇ ನಾವು ಮ್ಯೂಚುವಲ್ ಅನ್ನುವುದು.

ಮ್ಯೂಚುವಲ್ ಆಗಬೇಕಾದರೆ ವಾರಗಳ ಲೆಕ್ಕ ಹೀಗೆ ಕೂಡಬೇಕು. ಓಬಿಜಿ ಕೊಟ್ಟು ಮೆಡಿಸಿನ್ ತೆಗೆದುಕೊಳ್ಳಲು ಹೋದರೆ ಏಳಕ್ಕೆ ಆರು, ಒಂದು ವಾರ ಅಂತರದಲ್ಲಿ ನಿಲ್ಲುತ್ತದೆ. ಜೊತೆಗೆ ಯಾವ ಪೋಸ್ಟಿಂಗೂ ಎರಡು ಸಲ ಆಗಬಾರದು, ಯಾವುದೂ ಬಿಟ್ಟುಹೋಗಬಾರದು. ತುಂಬ ಮ್ಯೂಚುವಲ್‌ಗಳು ಮುರಿದು ಬೀಳುವುದು ಇಲ್ಲೇ.

ಇಬ್ಬರೂ ಸಹಿ ಹಾಕಿದ ಒಂದೇ ಅರ್ಜಿ ಬರೆದೆವು. ಅಪ್ಪನ ಆಪರೇಷನ್ ಚೀಟಿ ಜೊತೆಗಿಟ್ಟೆ. ನಾಲ್ಕು ವಿಭಾಗದ ಎಚ್‌ಓಡಿಗಳ, ಅಂದರೆ ಮುಖ್ಯಸ್ಥರ, ಒಪ್ಪಿಗೆ, ಆಮೇಲೆ ಪ್ರಿನ್ಸಿಪಾಲ್ ಸಹಿ. ಓಬಿಜಿ ಎಚ್‌ಓಡಿ ಮೇಡಂ ಅರ್ಜಿ ಓದಿ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಯೂನಿಟ್‌ನಲ್ಲಿ ಒಬ್ಬರು ಕಮ್ಮಿ ಆಗಲ್ಲ ತಾನೇ?" ಇಲ್ಲ ಮೇಡಂ, ಇವಳು ಬರುತ್ತಾಳೆ ಅಂದೆ. ಹಸಿರು ಪೆನ್ ತೆಗೆದು ಸಹಿ ಹಾಕಿದರು. ಆರು ವಾರ ಮೊದಲೇ ಕೇಳಿದ್ದಕ್ಕೆ ಇಷ್ಟು ಸುಲಭ ಆಯಿತು. ಪೋಸ್ಟಿಂಗ್ ಶುರುವಾಗಲು ಮೂರು ದಿನ ಇರುವಾಗ ಹೋದವರನ್ನು ನಾನೇ ನೋಡಿದ್ದೇನೆ, ಬಾಗಿಲಲ್ಲೇ ವಾಪಸ್ ಬಂದಿದ್ದಾರೆ.

ಆಪರೇಷನ್ ಚೆನ್ನಾಗಿ ಆಯಿತು. ಆ ಹತ್ತು ದಿನ ರಜೆ ಹಾಕಿ ನಾನು ಅಪ್ಪನ ಜೊತೆಗೇ ಇದ್ದೆ. ವಾಪಸ್ ಬಂದು ಕಣ್ಣಿನ ವಿಭಾಗಕ್ಕೆ ಹೋದೆ. ತೊಂದರೆ ಶುರುವಾಗಿದ್ದು ಅಲ್ಲಿ.

ಮ್ಯೂಚುವಲ್ ಆದೇಶದ ಪ್ರತಿ ಮೂರು ವಿಭಾಗಕ್ಕೆ ಹೋಗಿತ್ತು, ಕಣ್ಣಿನ ವಿಭಾಗಕ್ಕೆ ಹೋಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೆಳತಿಯ ಹೆಸರೇ ಇತ್ತು. ನಾನು ಪುಟದ ಕೆಳಗೆ ನನ್ನ ಹೆಸರು ಬರೆದು ದಿನಾ ಸಹಿ ಮಾಡಿದೆ. ಅದು ಸಾಕು ಎಂದುಕೊಂಡಿದ್ದೆ. ತಿಂಗಳ ಕೊನೆಗೆ ಆಫೀಸಿಗೆ ಹೋದ ವರದಿಯಲ್ಲಿ ಅಚ್ಚಾದ ಹೆಸರುಗಳು ಮಾತ್ರ ಇದ್ದವು. ಗೆಳತಿ 14 ದಿನ ಗೈರು. ನಾನು ಎಲ್ಲೂ ಇಲ್ಲ.

ಗೈರು ಅಂದರೆ ಇಂಟರ್ನ್‌ಶಿಪ್ ಅಷ್ಟು ದಿನ ಮುಂದೆ ಹೋಗುತ್ತದೆ. ಎಕ್ಸ್‌ಟೆನ್ಶನ್. ಕೇಳಲು ಸಣ್ಣ ವಿಷಯ. ಆದರೆ ಆ ಪಿಜಿ ಪ್ರವೇಶ ಪರೀಕ್ಷೆ, ನೀಟ್ ಪಿಜಿ, ಬರೆಯಬೇಕಾದರೆ ಪರೀಕ್ಷೆ ನಡೆಸುವವರು ಹೇಳಿದ ತಾರೀಖಿನೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕು. 2025ರಲ್ಲಿ ಪರೀಕ್ಷೆ ಆಗಸ್ಟ್ 3ಕ್ಕೆ ಇತ್ತು, ಆ ಕೊನೆಯ ತಾರೀಖು ಜುಲೈ 31. ಅಂಥ ತಾರೀಖಿಗೆ ಎರಡು ವಾರ ತಪ್ಪಿದರೆ ಒಂದು ವರ್ಷವೇ ಹೋಯಿತು. ನನ್ನ ಅಪ್ಪನಿಗಾಗಿ ತನ್ನ ಜಾಗ ಬಿಟ್ಟುಕೊಟ್ಟವಳಿಗೆ ಹಾಗಾದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ನನಗೆ ಅದೇ ಜಾಸ್ತಿ ಸಂಕಟ ಆಯಿತು.

ಉಳಿಸಿದ್ದು ಲಾಗ್‌ಬುಕ್, ದಿನಾ ಮಾಡಿದ ಕೆಲಸ ಬರೆದಿಡುವ ಪುಸ್ತಕ. ಇದು ನೋಡಿ, ನೀಲಿ ರಟ್ಟಿನದು, ಮೂಲೆ ಮಡಚಿ ಹೋಗಿದೆ. ಕಣ್ಣಿನ ವಿಭಾಗದ ಪಿಜಿ ಮ್ಯಾಮ್ ಒಬ್ಬರು, ಅಂದರೆ ಅಲ್ಲಿ ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್, ಸಂಜೆ ಸಹಿ ಹಾಕದೆ ಯಾರನ್ನೂ ಕಳಿಸುತ್ತಿರಲಿಲ್ಲ. ಎಷ್ಟು ಜನರ ದೃಷ್ಟಿ ಪರೀಕ್ಷೆ ಮಾಡಿದೆ, ಯಾವ ಪೊರೆ ಆಪರೇಷನ್‌ಗೆ ನಿಂತಿದ್ದೆ, ತಾರೀಖಿನ ಸಮೇತ ಎಲ್ಲ ಇತ್ತು. ಹದಿನಾಲ್ಕೂ ದಿನ. ಆ ಪುಟಗಳ ಜೆರಾಕ್ಸ್, ಆದೇಶದ ಪ್ರತಿ, ಓಬಿಜಿಯಲ್ಲಿ ಗೆಳತಿ ಅದೇ ದಿನ ಹಾಜರಿದ್ದ ದಾಖಲೆ ಎಲ್ಲ ಹಿಡಿದು ಇಬ್ಬರೂ ಹೋದೆವು. ಎಚ್‌ಓಡಿ ಸರ್ ತಿದ್ದುಪಡಿ ಪತ್ರ ಕೊಟ್ಟರು. ಆಫೀಸಿನಲ್ಲಿ ಅದು ಏರಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಗೋಡೆಯ ಮೇಲಿನ ಹಾಳೆಯಲ್ಲಿ ಆ ಹಸಿರು ತಿದ್ದುಪಡಿ ಬಂದಿದ್ದು ಆಗ.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಬದಲಾವಣೆ ಕೇಳಲು ತುಂಬ ಜನ ಹೆದರುತ್ತಾರೆ. ಹೆದರಬೇಡಿ, ನಿಮ್ಮ ಕಾರಣ ನಿಜವಾಗಿದ್ದರೆ ಕೇಳಿ. ಆದರೆ ಆದೇಶ ಆದ ದಿನವೇ ಅದರ ಪ್ರತಿ ಹಿಡಿದು ಪ್ರತಿ ವಿಭಾಗಕ್ಕೂ ನೀವೇ ಹೋಗಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರು ಬದಲಾಗಿದೆಯಾ ಎಂದು ಕಣ್ಣಾರೆ ನೋಡಿ.

ವಿಭಾಗದ ಒಳಗೆ ಒಂದೊಂದು ರಾತ್ರಿ ಡ್ಯೂಟಿ ಬದಲಿಸಿಕೊಳ್ಳುವುದು ಇದಕ್ಕಿಂತ ಸುಲಭ. ಪಿಜಿಗೆ ಹೇಳಿ ರೋಸ್ಟರ್‌ನಲ್ಲಿ ಬರೆದರೆ ಆಯಿತು. ಸುಲಭ ಅಂತಲೇ ಅಲ್ಲಿ ಎಡವಟ್ಟು ಜಾಸ್ತಿ. ಚಳಿಗಾಲದಲ್ಲಿ ನನ್ನ ಓಬಿಜಿ ಬಂದಾಗ ಒಂದು ರಾತ್ರಿ ಲೇಬರ್ ರೂಮಿನಲ್ಲಿ ನಾವು ಇಬ್ಬರು ಇಂಟರ್ನ್ಸ್ ಇರಬೇಕಿತ್ತು. ನನ್ನ ಜೊತೆ ಇರಬೇಕಾದವರು ವಾಟ್ಸಾಪ್‌ನಲ್ಲಿ "12 ನೈಟ್ ನೀನು ಮಾಡು" ಎಂದು ಬೇರೊಬ್ಬರಿಗೆ ಹೇಳಿದ್ದರು. ಆ ಬೇರೊಬ್ಬರು 12ರ ರಾತ್ರಿ ಅಂದರೆ 11 ದಾಟಿ 12 ಆಗುವ ರಾತ್ರಿ ಎಂದುಕೊಂಡು, ಹಿಂದಿನ ದಿನವೇ ಬಂದು ಡ್ಯೂಟಿ ಮಾಡಿ ಹೋಗಿದ್ದರು. 12ರ ರಾತ್ರಿ ನಾನು ಒಬ್ಬಳೇ.

ಐದು ಜನ ತಾಯಂದಿರು ನೋವಿನಲ್ಲಿದ್ದರು. ಪ್ರತಿಯೊಬ್ಬರಿಗೂ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ ಪಾರ್ಟೋಗ್ರಾಫ್‌ನಲ್ಲಿ, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಹಾಳೆಯಲ್ಲಿ, ಚುಕ್ಕೆ ಇಡಬೇಕು. ಐದನೆಯವರ ಹತ್ತಿರ ಬರುವಷ್ಟರಲ್ಲಿ ಮೊದಲನೆಯವರ ಸಮಯ ಆಗಿರುತ್ತಿತ್ತು. ಪಿಜಿ ಮ್ಯಾಮ್ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ. ಸಿಸ್ಟರ್ ಒಬ್ಬರು ತಮ್ಮ ಕೆಲಸದ ಮಧ್ಯೆಯೂ ನನ್ನ ಜೊತೆ ನಿಂತರು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಒಬ್ಬ ತಾಯಿ ನನ್ನ ಕೈ ಹಿಡಿದು, "ಅಮ್ಮಾ, ನೀವು ಹೋಗಬೇಡಿ" ಅಂದರು. ಪಕ್ಕದ ಮಂಚದವರಿಗೆ ಸಮಯ ಆಗಿತ್ತು, ಕೈ ಬಿಡಿಸಿಕೊಂಡು ಹೋಗಲೇಬೇಕಾಯಿತು. ಐದೂ ಮಕ್ಕಳು ಚೆನ್ನಾಗಿ ಹುಟ್ಟಿದವು. ಆದರೂ ಆ ಕೈ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನಾನು ಡ್ಯೂಟಿ ಬದಲಿಸಿದರೆ "12ರ ರಾತ್ರಿ 8 ರಿಂದ 13ರ ಬೆಳಿಗ್ಗೆ 8" ಎಂದು ಪೂರ್ತಿ ಬರೆಯುತ್ತೇನೆ. ಆ ಕಡೆಯಿಂದ "ಹೌದು" ಎಂದು ಉತ್ತರ ಬರುವವರೆಗೂ ಅದು ನನ್ನದೇ ಡ್ಯೂಟಿ.

ಇನ್ನೂ ಎಂಬಿಬಿಎಸ್ ಓದುತ್ತಿರುವವರಿಗೆ ಒಂದು ಮಾತು. ನಿಮ್ಮ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಬ್ಯಾಚ್ ಬದಲಿಸುವುದು ಬಹಳ ಕಷ್ಟ, ಪಾಠವೇ ಬ್ಯಾಚ್ ಪ್ರಕಾರ ನಡೆಯುತ್ತದೆ. ಕ್ಲಿನಿಕಲ್ ಹಾಜರಿ 80 ಪರ್ಸೆಂಟ್ ಬೇಕು, ಥಿಯರಿಗಾದರೆ 75. ತಪ್ಪಿದ ದಿನಗಳನ್ನು ಇನ್ನೊಂದು ಬ್ಯಾಚ್ ಜೊತೆ ತುಂಬಿಕೊಳ್ಳಲು ಬಿಡುತ್ತಾರಾ ಎಂದು ಆ ವಿಭಾಗದಲ್ಲೇ ಕೇಳಿ.

ನನ್ನ ಚಿಕ್ಕಮ್ಮನ ಮಗಳು ಅಮೆರಿಕದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಮೂರನೇ ವರ್ಷದ ರೊಟೇಷನ್‌ಗೆ, ಅಂದರೆ ವಿಭಾಗದಿಂದ ವಿಭಾಗಕ್ಕೆ ಹೋಗುವ ಪೋಸ್ಟಿಂಗ್‌ಗೆ, ಮೊದಲು ಯಾವ ಕ್ರಮ ಬೇಕು ಎಂದು ಎಲ್ಲರನ್ನೂ ಕೇಳುತ್ತಾರೆ. ಆಮೇಲೆ ಲಾಟರಿ. ಲಾಟರಿಯಲ್ಲಿ ಬೇಡದ್ದು ಬಂದರೆ ಇಂತಿಷ್ಟು ದಿನ ಒಬ್ಬರಿಗೊಬ್ಬರು ಬದಲಿಸಿಕೊಳ್ಳಲು ಅವಕಾಶ. ಅವಳಿಗೂ ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಕೇಳಿದರಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಂಡಿತು.

ನಮ್ಮಲ್ಲೂ ಇದು ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಟ್ಟಿ ಅಂಟಿಸುವ ಮೊದಲು ಒಂದು ಹಾಳೆ ಕೊಡಿ. ಗರ್ಭಿಣಿ ಇದ್ದೀರಾ, ಆಪರೇಷನ್ ಇದೆಯಾ, ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇದ್ದಾರಾ ಎಂದು ಕೇಳಿ. 150 ಜನರಲ್ಲಿ ಹಾಗೆ ಬರೆಯುವವರು ಕೆಲವರೇ ಇರುತ್ತಾರೆ. ಅವರನ್ನು ಮೊದಲು ಕೂರಿಸಿ ಉಳಿದವರನ್ನು ನಂಬರ್ ಪ್ರಕಾರ ಸುತ್ತಿಸಿದರೆ ಯಾರಿಗೂ ನಷ್ಟ ಇಲ್ಲ. ನಾವು ಇಂಟರ್ನ್ ಪ್ರತಿನಿಧಿಗಳು ಇದನ್ನೇ ಬರೆದು ಪ್ರಿನ್ಸಿಪಾಲ್‌ಗೆ ಕೊಟ್ಟಿದ್ದೇವೆ. ಉತ್ತರಕ್ಕೆ ಕಾಯುತ್ತಿದ್ದೇವೆ.

ಈಗ ಕಾಣುತ್ತಿರುವುದು ನಮ್ಮೂರಿನ ತೋಟ. ಹೋದ ಭಾನುವಾರ ತೆಗೆದಿದ್ದು. ಮುಂದೆ ನಡೆಯುತ್ತಿರುವುದು ಅಪ್ಪ. ಕೈಯಲ್ಲಿ ಕೋಲು ಇದೆ, ಆದರೆ ಊರುತ್ತಿಲ್ಲ, ನೋಡಿ. ಗೆಳತಿಯೂ ಅವತ್ತು ಬಂದಿದ್ದಳು. ಎಳನೀರು ಕೊಚ್ಚುತ್ತಿರುವುದು ಅವಳೇ.

ನಾಳೆ ಬೆಳಿಗ್ಗೆ ಹತ್ತಕ್ಕೆ ಒಬ್ಬ ಜೂನಿಯರ್ ಜೊತೆ ಆಫೀಸಿಗೆ ಹೋಗಬೇಕು. ಅವಳಿಗೆ ಫೆಬ್ರವರಿಯಲ್ಲಿ ಹೆರಿಗೆ. ಅರ್ಜಿ ಬರೆದಿಟ್ಟಿದ್ದೇವೆ, ಪ್ರತಿಗಳು ಐದು.