ವಾಚು ಎಚ್ಚರಿಸಿತು ಸರಿ, ಆಮೇಲೆ?

ನಮಸ್ಕಾರ. ನಿಮ್ಮ ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಒಮ್ಮೆ ಬಿಚ್ಚಿ, ಮಗುಚಿ ನೋಡಿ. ಹಿಂದೆ ಪುಟ್ಟ ಹಸಿರು ದೀಪ ಮಿನುಗುತ್ತಿರುತ್ತದೆ. ಹಸಿರೇ ಯಾಕೆ? ರಕ್ತ ಆ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿಗೆ ರಕ್ತ ನುಗ್ಗುತ್ತದೆ, ವಾಪಸ್ ಬರುವ ಬೆಳಕು ಒಂದು ಚೂರು ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ವಾಚು ನಾಡಿ ಅಂತ ಎಣಿಸುತ್ತದೆ. 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್, ಓಡಾಡುವ ಮನುಷ್ಯನ ಇಸಿಜಿ ಹಿಡಿಯೋಕೆ ಒಂದು ಯಂತ್ರ ಮಾಡಿದ್ದರು. ಬೆನ್ನಿಗೆ ಕಟ್ಟಿಕೊಳ್ಳಬೇಕಿದ್ದ ಅದರ ತೂಕ ಸುಮಾರು 38 ಕೆಜಿ!

ಅಷ್ಟು ಭಾರದಿಂದ ಮಣಿಕಟ್ಟಿನವರೆಗೆ ಬಂದ ಈ ತಂತ್ರಜ್ಞಾನದ ಬಗ್ಗೆ ನನಗೆ ನಿಜವಾದ ಗೌರವ ಇದೆ. ಆದರೂ ಸಂಶೋಧನೆ ಹೋಗುತ್ತಿರುವ ದಿಕ್ಕಿನ ಬಗ್ಗೆ ಒಂದು ತಕರಾರಿದೆ: ತೊಂದರೆ ಹಿಡಿಯುವುದಕ್ಕೆ ಕೊಡುವಷ್ಟು ಗಮನ, ಹಿಡಿದ ಮೇಲೆ ಏನು ಅನ್ನುವುದಕ್ಕೆ ಸಿಗುತ್ತಿಲ್ಲ.

ಇಲ್ಲಿ ಹೆಚ್ಚು ಕೆಲಸ ನಡೆದಿರುವುದು ಏಟ್ರಿಯಲ್ ಫಿಬ್ರಿಲೇಶನ್ ಮೇಲೆ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಸುಮ್ನೆ ಅದುರುತ್ತಿರುತ್ತವೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಜನರಿಗೆ ಇದು ಬಂದು ಹೋಗುವುದೂ ಗೊತ್ತಾಗುವುದಿಲ್ಲ. ಡಾಕ್ಟರ ಬಳಿ ಇಸಿಜಿ ತೆಗೆಸುವ ಹೊತ್ತಿಗೆ ತಾಳ ಸರಿಯಾಗಿಬಿಟ್ಟಿರುತ್ತದೆ. ದಿನವಿಡೀ ಕೈಯಲ್ಲೇ ಇರುವ ವಾಚು ಇಂಥದ್ದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಸೇರಿದ್ದರು. ತಾಳ ತಪ್ಪಿದೆ ಅಂತ ಎಚ್ಚರಿಕೆ ಬಂದಿದ್ದು 2,161 ಮಂದಿಗೆ, ಅಂದರೆ ಶೇ 0.52. ಅವರಲ್ಲಿ 658 ಮಂದಿಗೆ ಎದೆಗೆ ಅಂಟಿಸಿಕೊಳ್ಳುವ ಇಸಿಜಿ ಪಟ್ಟಿ ಕಳಿಸಿದರು. ಪಟ್ಟಿ ಹಚ್ಚಿಕೊಂಡು, ಓದಲು ಯೋಗ್ಯವಾಗಿ ವಾಪಸ್ ಕಳಿಸಿದವರು ಬರೀ 450. ಎಚ್ಚರಿಕೆ ಬಂದವರಲ್ಲಿ ಉಳಿದವರೆಲ್ಲ ಎಲ್ಲಿ ಹೋದರು? ನನ್ನನ್ನು ಕಾಡುವುದು ಇದೇ. ಇನ್ನೊಂದು ವಿಷಯ, ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 40 ದಾಟದವರು. ಈ ಕಾಯಿಲೆ ಹೆಚ್ಚಾಗಿ ಕಾಡುವುದು 65 ದಾಟಿದವರನ್ನು. ಹುಡುಕಬೇಕಾದವರು ಒಂದು ಕಡೆ, ವಾಚು ಕಟ್ಟಿಕೊಂಡವರು ಇನ್ನೊಂದು ಕಡೆ.

ಸರಿ, ವಯಸ್ಸಾದವರಲ್ಲೇ ಹುಡುಕೋಣ ಅಂದರೆ? ಡೆನ್ಮಾರ್ಕ್‌ನ ಲೂಪ್ ಅಧ್ಯಯನ ಅದನ್ನೇ ಮಾಡಿತು. ಅದು ವಾಚಲ್ಲ, ಚರ್ಮದ ಕೆಳಗೆ ಕೂರಿಸುವ ಪುಟ್ಟ ಯಂತ್ರ. 70ರಿಂದ 90 ವಯಸ್ಸಿನ 6,004 ಜನ. ಯಂತ್ರ ಇದ್ದವರಲ್ಲಿ ಶೇ 31.8 ಮಂದಿಗೆ ಈ ತೊಂದರೆ ಸಿಕ್ಕಿತು, ಇಲ್ಲದವರಲ್ಲಿ ಶೇ 12.2. ಆದರೆ ಪಾರ್ಶ್ವವಾಯು ಮತ್ತು ಹೆಪ್ಪಿನ ತೊಂದರೆ? ಯಂತ್ರ ಇದ್ದವರಲ್ಲಿ ಶೇ 4.5, ಇಲ್ಲದವರಲ್ಲಿ ಶೇ 5.6. ಖಚಿತವಾಗಿ ಕಡಿಮೆಯಾಯಿತು ಅನ್ನುವಷ್ಟು ವ್ಯತ್ಯಾಸ ಇರಲಿಲ್ಲ.

ಪತ್ತೆ ಹೆಚ್ಚಿತು, ರಕ್ಷಣೆ ಅಷ್ಟೇ ಹೆಚ್ಚಲಿಲ್ಲ. ಕೆಲವು ನಿಮಿಷ ಬಂದು ಹೋಗುವ ತಾಳ ತಪ್ಪುವಿಕೆಗೂ, ಗಂಟೆಗಟ್ಟಲೆ ನಿಲ್ಲುವುದಕ್ಕೂ ಅಪಾಯ ಒಂದೇ ಅಲ್ಲ. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೆ ರಕ್ತಸ್ರಾವದ ಭಯ ಬೇರೆ. ಹಾಗಾಗಿ "ಇನ್ನೂ ನಿಖರವಾಗಿ ಹಿಡಿಯುತ್ತೇವೆ" ಅನ್ನುವ ಪ್ರಬಂಧಕ್ಕಿಂತ "ಹಿಡಿದ ಮೇಲೆ ಹೀಗೆ ಮಾಡಿ" ಅನ್ನುವ ಪ್ರಯೋಗ ನಮಗೆ ಬೇಕು. ಅಮೆರಿಕದಲ್ಲಿ ರಿಯಾಕ್ಟ್-ಎಎಫ್ ಅನ್ನುವ ಪ್ರಯೋಗ ಶುರುವಾಗಿದೆ. ಮಾತ್ರೆಯನ್ನು ದಿನಾ ನುಂಗುವ ಬದಲು, ವಾಚು ತಾಳ ತಪ್ಪಿದ್ದನ್ನು ತೋರಿಸಿದಾಗ ಮಾತ್ರ ಸ್ವಲ್ಪ ದಿನ ತಗೊಂಡರೆ ಸಾಕಾ? ಇದು ಅದರ ಪ್ರಶ್ನೆ. ಉತ್ತರ ಏನೇ ಬರಲಿ, ರೋಗಿಗೆ ಉಪಯೋಗಕ್ಕೆ ಬರುತ್ತದೆ.

ನಡುವೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಈ ವಾಚುಗಳು ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಎದೆ ನೋವು ಬಂದಾಗ ಪರದೆ ನೋಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. 2018ರ ವೆಸ್ಟ್ ಪ್ರಯೋಗ. ಹಾರ್ಟ್ ಅಟ್ಯಾಕ್ ಆಗಿ ಹೃದಯ ದುರ್ಬಲವಾದವರಿಗೆ ಬನಿಯನ್ ಥರ ತೊಡುವ ಡಿಫಿಬ್ರಿಲೇಟರ್ ಕೊಟ್ಟರು. ಬಡಿತ ಕೆಟ್ಟರೆ ಅದೇ ಶಾಕ್ ಕೊಟ್ಟು ಜೀವ ಉಳಿಸಬೇಕು. ಆ ಗುಂಪಿನಲ್ಲಿ 48 ಮಂದಿ ತೀರಿಕೊಂಡರು. ಪ್ರಾಣ ಹೋಗುವ ಹೊತ್ತಿಗೆ ಅದನ್ನು ತೊಟ್ಟುಕೊಂಡಿದ್ದವರು 12 ಮಂದಿ ಮಾತ್ರ. ಉಳಿದ 36 ಜನ ಅದನ್ನು ಯಾಕೆ ತೊಟ್ಟಿರಲಿಲ್ಲ? ಚುಚ್ಚುತ್ತಿತ್ತಾ, ಭಾರವಾಗಿತ್ತಾ, ನಿದ್ದೆಗೆ ಅಡ್ಡಿಯಾಗಿತ್ತಾ? ಸೆನ್ಸರ್‌ಗೆ ಕೊಡುವಷ್ಟೇ ದುಡ್ಡು, ಅಷ್ಟೇ ವರ್ಷ ಈ ಪ್ರಶ್ನೆಗೂ ಕೊಡಿ ಅಂತ ನಾನು ಕೇಳುತ್ತಿದ್ದೇನೆ.