ವಾರ್ಡ್‌ರೋಬ್‌ಗೆ ಯಾವ ಬಾಗಿಲು?

ಕೇಳುಗರಿಗೆ ನಮಸ್ಕಾರ. ವಾರ್ಡ್‌ರೋಬ್ ಮಾಡಿಸಲು ಹೊರಟವರು ಮೊದಲು ನೋಡುವುದು ಲ್ಯಾಮಿನೇಟಿನ ಬಣ್ಣ. ಅದು ಕೊನೆಗಿರಲಿ. ಟೇಪು ಹಿಡಿದು ಮಂಚದ ಹತ್ತಿರ ಹೋಗಿ.

ಕೋಣೆ 11 ಅಡಿ ಉದ್ದ, ಅಂದರೆ 132 ಇಂಚು ಎಂದುಕೊಳ್ಳಿ. ಹೆಡ್‌ಬೋರ್ಡ್ ಸೇರಿ ಮಂಚಕ್ಕೆ 81 ಇಂಚು, ಅದರ ಕಾಲ್ದೆಸೆಗೆ ಬರುವ ವಾರ್ಡ್‌ರೋಬ್‌ಗೆ 24 ಇಂಚು ಹೋದರೆ ನಡುವೆ ಉಳಿಯುವುದು 27. ಕೀಲಿನ ಬಾಗಿಲು 18 ಇಂಚು ಅಗಲವಿದ್ದರೆ, ತೆರೆದಾಗ ಅದರ ತುದಿಗೂ ಮಂಚಕ್ಕೂ ಒಂಬತ್ತೇ ಇಂಚು. ಹಾಗಾದರೆ ಸ್ಲೈಡಿಂಗ್ ಹಾಕಿಸೋಣ ಎನ್ನುತ್ತೀರಿ. ಸರಿ, ಆದರೆ ಎರಡು ಬಾಗಿಲು ಒಂದರ ಹಿಂದೊಂದು ಓಡಬೇಕಲ್ಲ, ಆಳ 27 ಇಂಚಿಗೆ ಏರುತ್ತದೆ. ಓಡಾಡುವ ಜಾಗದಲ್ಲೇ ಮೂರು ಇಂಚು ಹೋಯಿತು. ಒಮ್ಮೆಗೆ ತೆರೆಯುವುದೂ ಅರ್ಧ ಮಾತ್ರ. ಡ್ರಾಯರನ್ನು ನಟ್ಟನಡುವೆ ಇಟ್ಟಿರೋ, ಯಾವ ಬಾಗಿಲು ಸರಿಸಿದರೂ ಅದು ಪೂರ್ತಿ ಹೊರಗೆ ಬಾರದು.

ಕೀಲಿನ ಬಾಗಿಲಿನ ಹಿಂದೆ ಡ್ರಾಯರ್ ಇದ್ದರೆ ಬೇರೆಯದೇ ತಾಪತ್ರಯ. 90 ಡಿಗ್ರಿ ತೆರೆದ ಬಾಗಿಲು ತುಸು ಒಳಕ್ಕೆ ಚಾಚಿರುತ್ತದೆ, ಡ್ರಾಯರಿನ ಅಂಚು ಅದಕ್ಕೆ ಉಜ್ಜುತ್ತದೆ. ಕೀಲಿನ ಬದಿಗೆ ಒಂದು, ಒಂದೂವರೆ ಇಂಚಿನ ಪ್ಯಾಕಿಂಗ್ ಪಟ್ಟಿ ಕೊಡಿಸಿ ಆಮೇಲೆ ಡ್ರಾಯರ್ ಓಡುವ ಚಾನೆಲ್ ಕೂರಿಸಬೇಕು. ಬಡಗಿಗೆ ಇದನ್ನು ಮೊದಲೇ ಹೇಳಿ. ಏಳು ಅಡಿ ಬಾಗಿಲಿಗೆ ನಾಲ್ಕು ಕೀಲು ಬೇಕು, ಮೂರಾದರೆ ಜೋತುಬೀಳುತ್ತದೆ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿ ಒಳಮೈಗೆ ಬರೀ ಬಣ್ಣ ಬಳಿದು ಉಳಿಸಲು ಹೋಗಬೇಡಿ. ಎರಡು ಮೈಯ ಎಳೆತ ಸಮನಾಗದೆ ಬಾಗಿಲು ಬಿಲ್ಲಾಗುತ್ತದೆ. ಒಳಗೂ 0.8 ಮಿ.ಮೀ. ಇರಲಿ.

ಒಳಗಿನ ಲೆಕ್ಕ ನಿಮ್ಮ ಬಟ್ಟೆಯದು. ಹ್ಯಾಂಗರ್ ಸುಮಾರು 17 ಇಂಚು ಅಗಲ. ಒಳಗೆ 21, 22 ಇಂಚು ಆಳವಿಲ್ಲದಿದ್ದರೆ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಅಂಗಿಗೆ 40 ಇಂಚು ಎತ್ತರ ಸಾಕು, ಉದ್ದನೆಯ ಗೌನಿಗೆ 60 ಬೇಕು. ಜರಿಯ ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ನೇತುಹಾಕಬೇಡಿ, ಹ್ಯಾಂಗರಿನ ಮೇಲೆ ಬೀಳುವ ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, 12 ಇಂಚು ಎತ್ತರದ ಖಾನೆಗಳಲ್ಲಿಟ್ಟು, ಆಗಾಗ ಮಡಿಕೆ ಬದಲಿಸಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆ ಹೊಡೆಯುವ ಹೊರಗೋಡೆಗೆ ಪೆಟ್ಟಿಗೆಯನ್ನು ತಾಗಿಸಿ ಕೂರಿಸಬೇಡಿ. ಒಂದು ಇಂಚು ಬಿಡಿಸಿ, ನೀರು ತಡೆದುಕೊಳ್ಳುವ, ಐಎಸ್ 710 ಗುರುತಿನ ಮರೈನ್ ಪ್ಲೈ ಬಳಸಿ, ಕೆಳಗೆ ನಾಲ್ಕು ಇಂಚಿನ ಪೀಠ ಕೊಡಿ. ಇಲ್ಲವಾದರೆ ಆಷಾಢದಲ್ಲಿ ಬೂಷ್ಟು ಮೊದಲು ಹಿಡಿಯುವುದು ಹಿಂಬದಿಯ ಹಲಗೆಗೆ, ನಿಮಗೆ ಕಾಣುವುದು ಬಟ್ಟೆಗೆ ಬಂದ ಮೇಲೆ.